ಗೇಟು ಮುಚ್ಚಿದ ಮೇಲೆ ಗಾಳ

ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗದಲ್ಲಿ ಮೀನು ಶಿಕಾರಿ ಎಂದರೆ ಮಳೆಗಾಲದ ಮಾತು. ಜೂನ್‌ನಲ್ಲಿ ಗುಡುಗು ಸಿಡಿಲಿನೊಡನೆ ಮೊದಲ ಮಳೆ ಹೊಡೆಯಿತೆಂದರೆ ಹಳ್ಳಗಳಿಗೆ ಹತ್ತುಮೀನು ಏರಿದ ಸುದ್ದಿ ಊರಿಂದೂರಿಗೆ ಹಬ್ಬುತ್ತದೆ. ಜುಲೈನಲ್ಲಿ ಗಾಜನೂರು ಜಲಾಶಯದ ಗೇಟು ತೆರೆದರೆ ತುಂಗೆಯ ಸೇತುವೆಯ ಮೇಲೆ ನೀರು ನೋಡುವವರು, ಕೆಳಗೆ ದಡದಲ್ಲಿ ಗಾಳ ಹಿಡಿದವರು. ಭದ್ರಾವತಿಯಲ್ಲೂ ಇದೇ ಕಥೆ, ಸ್ವಲ್ಪ ತಡವಾಗಿ ಅಷ್ಟೆ. ತೇಜಸ್ವಿಯವರ ಪುಸ್ತಕ ಓದಿ ಗಾಳದ ಗೀಳು ಹತ್ತಿಸಿಕೊಂಡ ಕಾಲೇಜು ಹುಡುಗರು ರಾಡು, ರೀಲು ಕೊಳ್ಳುವುದೂ ಇದೇ ದಿನಗಳಲ್ಲಿ. ಈ ರೂಢಿಗೆ ನೇರ ಎದುರಾದ ಮಾತೊಂದನ್ನು ಇಲ್ಲಿ ಹೇಳಬೇಕಿದೆ. ಈ ಎರಡು ಊರುಗಳಲ್ಲಿ ಗಾಳ ಕಲಿಯಲು ಹೊರಟವರು ಮಳೆಗಾಲವನ್ನು ದೂರದಿಂದ ನೋಡಿಯೇ ಕಳೆಯುವುದು ಒಳ್ಳೆಯದು. ದೀಪಾವಳಿ ಮುಗಿದು, ಜಲಾಶಯದ ಗೇಟುಗಳು ಮುಚ್ಚಿ, ನೀರು ತಿಳಿಯಾದ ಮೇಲೆ ಶುರು ಮಾಡಬೇಕು. ಶಿವರಾತ್ರಿಯ ಹೊತ್ತಿಗೆ ದಾರ ಸುತ್ತಿಡಬೇಕು. ಜೀವಭಯ ಇದಕ್ಕೆ ಒಂದು ಕಾರಣ ಮಾತ್ರ. ಮೀನಿನ ಸಂತತಿಯ ಲೆಕ್ಕ ಹಿಡಿದರೂ, ಕಲಿಕೆಯ ಲೆಕ್ಕ ಹಿಡಿದರೂ ಉತ್ತರ ಚಳಿಗಾಲವೇ.

ಚಳಿಗಾಲದಲ್ಲಿ ಗಾಳವೇ ಎಂದು ನಗುವವರು ಒಮ್ಮೆ ಉತ್ತರದ ದೇಶಗಳ ಕಡೆ ನೋಡಬೇಕು. ಫಿನ್ಲೆಂಡ್, ಕೆನಡಾ, ಅಮೆರಿಕದ ಮಿನ್ನೆಸೋಟದಂಥ ಸೀಮೆಗಳಲ್ಲಿ ಸರೋವರಗಳು ಹೆಪ್ಪುಗಟ್ಟಿದ ಮೇಲೂ ಜನ ಗಾಳ ಹಿಡಿದು ಹೊರಡುತ್ತಾರೆ. ಅದಕ್ಕೆ ಐಸ್ ಫಿಶಿಂಗ್ ಎಂದು ಹೆಸರು. ಮಂಜುಗಡ್ಡೆಯ ಮೇಲೆ ನಡೆದುಹೋಗಿ, ದೊಡ್ಡ ಬೈರಿಗೆಯಿಂದ ಗೇಣಗಲದ ತೂತು ಕೊರೆದು, ಮೊಳದುದ್ದದ ಕೋಲಿನಿಂದ ನೇರ ಕೆಳಕ್ಕೆ ದಾರ ಇಳಿಬಿಟ್ಟು ಕೂರುತ್ತಾರೆ. ಹೊಸಬರಿಗೆ ಅಲ್ಲಿ ಮೊದಲು ಹೇಳಿಕೊಡುವುದು ಕಾಲಡಿಯ ಗಡ್ಡೆಯ ವಿಷಯ. ಒಬ್ಬರು ನಡೆದುಹೋಗಲು ಕನಿಷ್ಠ 4 ಇಂಚು ದಪ್ಪದ, ಗಾಜಿನಂತೆ ತಿಳಿಯಾದ ಗಡ್ಡೆ ಬೇಕು. ಹಿಮ ಬೆರೆತು ಬೆಳ್ಳಗಾದ ಗಡ್ಡೆಗೆ ಬಲ ಕಡಿಮೆ. ಅದು ಇಮ್ಮಡಿ ದಪ್ಪವಿರಬೇಕು. ಕೆಳಗೆ ನೀರು ಹರಿಯುವ ಜಾಗದ ಗಡ್ಡೆಯನ್ನಂತೂ ನಂಬುವ ಹಾಗೇ ಇಲ್ಲ. ಕೊರೆದು, ಅಳೆದು, ಮುಂದಿನ ಹೆಜ್ಜೆಯಿಟ್ಟು ಮತ್ತೆ ಕೊರೆದು ನೋಡಿದ ನಂತರವೇ ಗಾಳದ ಪ್ರಶ್ನೆ ಏಳುತ್ತದೆ. ಅಷ್ಟು ಚಳಿಯಲ್ಲೂ ಕೆಳಗೆ ಮೀನು ಬದುಕಿರುವುದಕ್ಕೆ ನೀರಿನದೇ ಒಂದು ವಿಚಿತ್ರ ಗುಣ ಕಾರಣ. ನೀರು ಅತಿ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣಗಿನದು ಮೇಲೆ ಉಳಿದು ಹೆಪ್ಪುಗಟ್ಟುತ್ತದೆ, ಗಡ್ಡೆ ಮುಚ್ಚಳವಾಗಿ ಒಳಗಿನದನ್ನು ಕಾಯುತ್ತದೆ. ಕೆಳಗಿನ ಆ ನಾಲ್ಕು ಡಿಗ್ರಿಯಲ್ಲಿ ಮೀನು ನಿಧಾನವಾಗಿರುತ್ತದೆ, ಆದರೆ ಕಚ್ಚುತ್ತದೆ.

ಗಡ್ಡೆಯನ್ನು ಮೊದಲು ಅಳೆ, ಗಾಳ ಆಮೇಲೆ ಎಂಬ ಈ ಕ್ರಮವನ್ನು ತುಂಗೆಯ ದಡಕ್ಕೆ ತಂದರೆ ಅಳೆಯಬೇಕಾದದ್ದು ಗೇಟಿನ ನೀರು. ಲೆಕ್ಕ ಸುಲಭ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಇಪ್ಪತ್ತೆಂಟು ಲೀಟರ್ ಚಿಲ್ಲರೆ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಗಾಜನೂರಿನ ತುಂಗಾ ಜಲಾಶಯದ ಒಟ್ಟು ಸಾಮರ್ಥ್ಯವೇ 3.24 ಟಿಎಂಸಿ. ಅಂದರೆ ಪೂರ್ತಿ ಬರಿದಾದ ಜಲಾಶಯವೂ 37,500 ಕ್ಯೂಸೆಕ್ ಒಳಹರಿವಿನಲ್ಲಿ ಒಂದೇ ದಿನಕ್ಕೆ ತುಂಬಿಬಿಡುತ್ತದೆ. ಜೋರು ಮಳೆಯ ದಿನಗಳಲ್ಲಿ ಒಳಹರಿವು ಈ ಅಂಕಿ ದಾಟುವುದು ಅಪರೂಪವೇನಲ್ಲ. ಹಾಗಾಗಿ ತುಂಗೆಗೆ ಕಟ್ಟಿದ ಅಣೆಕಟ್ಟು ನೀರನ್ನು ನಾಲೆಗೆ ತಿರುಗಿಸಬಲ್ಲದೇ ಹೊರತು ಮಹಾಪೂರವನ್ನು ಹಿಡಿದಿಡಲಾರದು. ಬಂದದ್ದನ್ನು ಬಂದ ಹಾಗೆ ಕೆಳಕ್ಕೆ ಬಿಡಲೇಬೇಕು. ಇದರಲ್ಲಿ ಇನ್ನೊಂದು ಮೋಸವೂ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆ ನೀರಿನ ಒಂದು ಪಾಲು ಮಾಲತಿ ನದಿಯ ಮೂಲಕ ತುಂಗೆಗೆ ಸೇರುತ್ತದೆ. ಶಿವಮೊಗ್ಗ ನಗರದ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಎಂದರೆ ನಗರದಲ್ಲಿ ಬಿಸಿಲು ಕಾಯುತ್ತಿರುವ ಮಧ್ಯಾಹ್ನವೇ ತೀರ್ಥಹಳ್ಳಿ, ಶೃಂಗೇರಿ ಕಡೆಯ ಮಳೆ ಕಾಲಡಿಯ ಬಂಡೆಯನ್ನು ಮುಳುಗಿಸಬಹುದು. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಇಲ್ಲವೇ ಎಂಬುದು ನಗರದವರಿಗೆ ತಲೆಮಾರುಗಳಿಂದ ಬಂದ ಅಳತೆಗೋಲು. ಆದರೆ ಅದು ನದಿ ಉಕ್ಕಿದೆ ಎಂದು ಹೇಳುತ್ತದೆಯೇ ಹೊರತು ಇನ್ನು ಅರ್ಧ ಗಂಟೆಯಲ್ಲಿ ಉಕ್ಕಲಿದೆ ಎಂದು ಹೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ನದಿ ದಂಡೆಯ ಬಡಾವಣೆಗಳ ಮನೆಯೊಳಗೇ ನೀರು ನುಗ್ಗಿದಾಗ ಈ ವ್ಯತ್ಯಾಸ ಎಲ್ಲರಿಗೂ ಅರ್ಥವಾಯಿತು.

ಭದ್ರೆಯ ಸ್ವಭಾವ ಬೇರೆ. ಲಕ್ಕವಳ್ಳಿಯ ಜಲಾಶಯ 186 ಅಡಿ, 71.5 ಟಿಎಂಸಿ. ಗಾಜನೂರನ್ನು ಒಂದು ದಿನದಲ್ಲಿ ತುಂಬಿಸುವ ಅದೇ ಹರಿವಿಗೆ ಈ ಜಲಾಶಯವನ್ನು ತುಂಬಿಸಲು ಇಪ್ಪತ್ತೆರಡು ದಿನ ಬೇಕು. ಆದ್ದರಿಂದ ಮಳೆಗಾಲದ ಮೊದಲರ್ಧದಲ್ಲಿ, ತುಂಗೆ ಕೆಂಪಾಗಿ ಭೋರ್ಗರೆಯುತ್ತಿರುವಾಗ, ಭದ್ರಾವತಿಯಲ್ಲಿ ಭದ್ರೆ ಎಷ್ಟೋ ಸಲ ಸಾಧುವಾಗಿಯೇ ಇರುತ್ತಾಳೆ. ಹೊಸಬರನ್ನು ಮೋಸಗೊಳಿಸುವುದು ಈ ಸಾಧುತನವೇ. ಜಲಾಶಯ ತುಂಬುವ ಹಂತಕ್ಕೆ ಬಂದು ಗೇಟು ತೆರೆದ ದಿನ ನದಿಯ ಮಟ್ಟ ಮಳೆಯನ್ನು ಅನುಸರಿಸಿ ಮೆಲ್ಲಗೆ ಏರುವುದಿಲ್ಲ, ಗೇಟಿನ ಎತ್ತರವನ್ನು ಅನುಸರಿಸಿ ಒಮ್ಮೆಲೇ ಏರುತ್ತದೆ. ಪಟ್ಟಣದ ನಡುವಿನ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಂತ ಚಿತ್ರಗಳು ಒಳ್ಳೆಯ ಮಳೆಯ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತವೆ. ಪ್ರವಾಹದ ಮುನ್ನೆಚ್ಚರಿಕೆಯನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ, ನಿಜ. ಆದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಂಡು ನೋಡುತ್ತ ಕೂತವರಿಗೆ ಅದು ಕೇಳುವುದಿಲ್ಲ. ಅಕ್ಟೋಬರ್ ಕಳೆದು ಒಳಹರಿವು ಇಳಿದ ಮೇಲೆ ಮಾತ್ರ ಎರಡೂ ನದಿಗಳು ಗೇಟಿನ ಲೆಕ್ಕದಿಂದ ಹೊರಬಂದು ತಮ್ಮ ಪಾತ್ರ ತೋರಿಸುತ್ತವೆ: ಎಲ್ಲಿ ಮಡು, ಎಲ್ಲಿ ಬಂಡೆ, ಎಲ್ಲಿ ಮರಳು ತೆಗೆದು ಬಿಟ್ಟ ಗುಂಡಿ ಎಂಬುದು ಕಣ್ಣಿಗೆ ಕಾಣತೊಡಗುತ್ತದೆ. ಆ ಗುಂಡಿಗಳ ಬಗ್ಗೆ ಇಷ್ಟು ಹೇಳಿದರೆ ಸಾಕು, ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಎರಡಾಳು ಆಳ ಇರಬಲ್ಲದು.

ಕಲಿಕೆಯ ಲೆಕ್ಕಕ್ಕೆ ಬರೋಣ. ಗಾಳದಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ಒಂದೇ: ನೀರಿನೊಳಗೆ ಕಾಣದೆ ನಡೆಯುತ್ತಿರುವುದನ್ನು ಮೇಲೆ ಕಾಣುವ ಬೆಂಡಿನಿಂದ ಓದುವುದು. ಬೆಂಡು ನಡುಗಿದರೆ ಸಣ್ಣ ಮೀನು ಕೆದಕುತ್ತಿದೆ, ಅಡ್ಡ ಮಲಗಿದರೆ ಗೆಂಡೆ ತಳದಿಂದ ಹುಳು ಎತ್ತಿದೆ, ಓರೆಯಾಗಿ ಸರಿದು ಮುಳುಗಿದರೆ ಕಚ್ಚಿ ಹೊರಟಿದೆ, ಈಗ ಎಳೆಯಬೇಕು. ಈ ಓದು ನಿಂತ ನೀರಿನಲ್ಲಿ ಮಾತ್ರ ಸ್ಪಷ್ಟ. ಜುಲೈನ ನದಿಯಲ್ಲಿ ಬೆಂಡು ಸದಾ ಓಡುತ್ತಿರುತ್ತದೆ, ಮುಳುಗುತ್ತದೆ, ಕಸಕ್ಕೆ ಸಿಕ್ಕಿ ಎಳೆಯುತ್ತದೆ. ಅದರಲ್ಲಿ ಮೀನಿನದೆಷ್ಟು ನೀರಿನದೆಷ್ಟು ಎಂದು ಬಿಡಿಸಲು ಪಳಗಿದವರಿಗೂ ಕಷ್ಟ. ಮಣ್ಣು ಕಲಸಿದ ನೀರಿನಲ್ಲಿ ಕಣ್ಣಿನಿಂದ ಬೇಟೆ ಹುಡುಕುವ ಮೀನುಗಳು ಎರೆಯನ್ನು ಕಾಣುವುದೇ ಇಲ್ಲ, ಮೀಸೆಯ ಮೀನುಗಳು ವಾಸನೆ ಹಿಡಿದು ಬಂದರೆ ಬಂದಾವು. ಹೀಗೆ ಮಳೆಗಾಲದಲ್ಲಿ ಶುರು ಮಾಡಿದವರು ಎರಡು ವಾರ ಬರಿಗೈಲಿ ಕೂತು, ಬಂಡೆಗೆ ಸಿಕ್ಕಿಸಿ ಹತ್ತಾರು ಗಾಳ ಕಳೆದು, ಇದು ತಾಳ್ಮೆಯ ಆಟ ಎಂಬ ತೀರ್ಮಾನಕ್ಕೆ ಬಂದು ರಾಡನ್ನು ಅಟ್ಟಕ್ಕೇರಿಸುತ್ತಾರೆ. ತಾಳ್ಮೆಯ ಹೆಸರಿನಲ್ಲಿ ಈ ಹವ್ಯಾಸದ ಬಗ್ಗೆ ಆಡುವ ಮಾತುಗಳಲ್ಲಿ ಅರ್ಧಕ್ಕರ್ಧ ಬರೀ ತಪ್ಪು ಕಾಲ, ತಪ್ಪು ಜಾಗದ ಪರಿಣಾಮ.

ಇನ್ನು ಮೀನಿನ ಲೆಕ್ಕ. ನಮ್ಮ ಒಳನಾಡಿನ ಬಹುಪಾಲು ಮೀನುಗಳಿಗೆ ಮುಂಗಾರೇ ಬಾಣಂತನದ ಕಾಲ. ಹೊಸ ನೀರು ಹರಿದುಬಂದ ಕೂಡಲೇ ಹೊಳೆ, ಕೆರೆಯ ಮೀನುಗಳು ಎದುರು ಹರಿವಿಗೆ ಈಜಿ ಹಳ್ಳ, ಗದ್ದೆಗಳಿಗೆ ಏರುತ್ತವೆ. ಹತ್ತುಮೀನು ಎಂದು ಕಡಿದು ಚೀಲ ತುಂಬುವುದು ಇವನ್ನೇ. ಅವುಗಳ ಹೊಟ್ಟೆ ಸೀಳಿದರೆ ಮೊಟ್ಟೆಯೇ ಮೊಟ್ಟೆ. ಒಂದು ಕೆಜಿ ತೂಕದ ರೋಹು ಹೆಣ್ಣು ಒಂದು ಸಲಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಅದರಲ್ಲಿ ಬದುಕಿ ಉಳಿಯುವುದು ಬೆರಳೆಣಿಕೆಯೇ ಇರಬಹುದು, ಆದರೂ ಮೊಟ್ಟೆಯಿಡುವ ಮುಂಚೆ ಹಿಡಿದದ್ದಕ್ಕೂ ಇಟ್ಟ ಮೇಲೆ ಹಿಡಿದದ್ದಕ್ಕೂ ಇರುವ ವ್ಯತ್ಯಾಸ ಒಂದು ಇಡೀ ಸಂತತಿಯದು. ಕೊರವ, ಕುಚ್ಚು ಎಂದೆಲ್ಲ ಕರೆಯುವ ಹಾವುತಲೆಯ ಮೀನಿನ ವಿಷಯ ಇನ್ನೂ ನೇರ. ಮರಿಗಳು ಕೆಂಪಗೆ ಮೋಡದ ಹಾಗೆ ನೀರಿನ ಮೇಲ್ಮೈಯಲ್ಲಿ ಗುಂಪಾಗಿ ತಿರುಗುವಾಗ ತಂದೆತಾಯಿ ಕೆಳಗೆ ಕಾವಲಿರುತ್ತವೆ, ಹತ್ತಿರ ಬಂದದ್ದಕ್ಕೆಲ್ಲ ಹಾರಿ ಕಚ್ಚುತ್ತವೆ. ಆ ರೋಷವನ್ನೇ ಬಳಸಿಕೊಂಡು ಕಪ್ಪೆ ಗಾಳ ಹಾಕಿ ಹಿಡಿದರೆ ಹೊಸಬರಿಗೂ ಸುಲಭವಾಗಿ ದೊಡ್ಡ ಮೀನು ಸಿಗುತ್ತದೆ. ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ. ಅಣೆಕಟ್ಟುಗಳಿಂದಾಗಿ ಸೇರಿಕೊಂಡ ಇನ್ನೊಂದು ಸಂಗತಿ ಇದೆ. ಮೇಲಕ್ಕೆ ಹೊರಟ ಮೀನಿಗೆ ಗಾಜನೂರಿನಲ್ಲಾಗಲಿ ಭದ್ರಾ ಜಲಾಶಯವಿರುವ ಬಿಆರ್‌ಪಿಯಲ್ಲಾಗಲಿ ಗೋಡೆ ಅಡ್ಡ. ದಾಟಲಾಗದೆ ಅದು ಗೇಟಿನ ಕೆಳಗೇ ಗುಂಪುಗೂಡುತ್ತದೆ. ಅಲ್ಲಿ ಬಲೆ ಬೀಸಿದವರಿಗೆ, ಗಾಳ ಎಸೆದವರಿಗೆ ಭರ್ತಿ ಮೀನು. ಆ ಭರ್ತಿಯನ್ನು ಕಂಡು ನದಿಯಲ್ಲಿ ಮೀನು ಹೇರಳವಾಗಿದೆ ಎಂದು ತಿಳಿಯುವುದು, ಬಸ್ ತಪ್ಪಿ ನಿಲ್ದಾಣದಲ್ಲಿ ಸೇರಿದ ಜನರನ್ನು ಕಂಡು ಊರು ಬೆಳೆದಿದೆ ಎಂದ ಹಾಗೆ.

ಇದಕ್ಕೆ ಕೂಡಲೇ ಬರುವ ಆಕ್ಷೇಪ ಸಂಪ್ರದಾಯದ್ದು. ಅಜ್ಜಂದಿರ ಕಾಲದಿಂದ ಮಳೆಗಾಲದಲ್ಲೇ ಹಿಡಿದಿದ್ದೇವೆ, ಮೀನು ಮುಗಿದಿಲ್ಲವಲ್ಲ ಎನ್ನುತ್ತಾರೆ. ಆದರೆ ಈ ಜಿಲ್ಲೆಯ ಸಂಪ್ರದಾಯವನ್ನು ಪೂರ್ತಿ ನೋಡಿದರೆ ಅದು ಈ ವಾದಕ್ಕೇ ಸಾಕ್ಷಿ ಹೇಳುತ್ತದೆ. ಸಾಗರ, ಸೊರಬ ಸೀಮೆಯ ಕೆರೆಬೇಟೆಯನ್ನೇ ತೆಗೆದುಕೊಳ್ಳಿ. ವರ್ಷವಿಡೀ ಊರವರು ಕೆರೆಗೆ ಇಳಿಯುವಂತಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಊರ ಹಿರಿಯರು ದಿನ ಗೊತ್ತು ಮಾಡಿ ಸಾರಿಸುತ್ತಾರೆ, ಬಿದಿರಿನ ಕೂಣಿ ಹಿಡಿದವರು ದುಡ್ಡು ಕಟ್ಟಿ, ಸೂಚನೆ ಸಿಕ್ಕ ಕ್ಷಣ ಒಟ್ಟಿಗೆ ಕೆಸರಿಗೆ ಧುಮುಕುತ್ತಾರೆ. ಬಂದ ಹಣ ಹಲವೆಡೆ ಊರ ದೇವಸ್ಥಾನಕ್ಕೆ. ಅದೇ ಹೆಸರಿನ ಸಿನಿಮಾ 2024ರಲ್ಲಿ ಬಂದ ಮೇಲೆ ಈ ಆಚರಣೆಯ ಗದ್ದಲ, ಕೆಸರು, ಹುಮ್ಮಸ್ಸು ರಾಜ್ಯಕ್ಕೆಲ್ಲ ಪರಿಚಯವಾಯಿತು. ಗದ್ದಲದ ಹಿಂದಿನ ವ್ಯವಸ್ಥೆಯ ಮೇಲೆ ಅಷ್ಟು ಬೆಳಕು ಬೀಳಲಿಲ್ಲ. ತಿಂಗಳುಗಟ್ಟಲೆ ಕೆರೆಯನ್ನು ಮುಚ್ಚಿಡುವುದು, ಬೆಳೆದ ಮೀನನ್ನು ಮಾತ್ರ ಒಂದು ದಿನ ಹಿಡಿಯುವುದು, ಮಳೆ ಬರುವ ಮುಂಚೆ ಮುಗಿಸುವುದು: ಸರ್ಕಾರಿ ಕಡತದಲ್ಲಿದ್ದರೆ ಇದನ್ನು ನಿಷೇಧಿತ ಅವಧಿ ಎನ್ನುತ್ತಿದ್ದರು. ಹತ್ತುಮೀನಿನ ಶಿಕಾರಿಯೂ ಹಳೆಯದೇ, ಅಲ್ಲಗಳೆಯುವಂತಿಲ್ಲ. ಆಗ ಹಳ್ಳಕ್ಕೆ ನಾಲ್ಕು ಮನೆಯವರು ಇಳಿಯುತ್ತಿದ್ದರು, ಏರುವ ಮೀನಿಗೆ ಕೆಳಗಿನಿಂದ ಮೇಲಿನವರೆಗೆ ನದಿ ತೆರೆದಿತ್ತು, ಗದ್ದೆಗೆ ಕಳೆನಾಶಕ ಬಂದಿರಲಿಲ್ಲ. ಇವತ್ತು ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ನಿಮಿಷಕ್ಕೆ ತಾಲ್ಲೂಕು ದಾಟುತ್ತದೆ.

ಎರಡನೆಯ ಆಕ್ಷೇಪ ಚಳಿಗೆ ಮೀನು ಕಚ್ಚುವುದಿಲ್ಲ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಮೀನಿನ ಮೈಯ ಬಿಸಿ ನೀರಿನ ಬಿಸಿಯ ಜೊತೆಗೇ ಏರಿಳಿಯುವುದರಿಂದ ನೀರು ತಂಪಾದಂತೆ ಅದರ ಹಸಿವು ಕುಗ್ಗುತ್ತದೆ. ನಮ್ಮ ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಮೇಯುವುದು, ಬೆಳೆಯುವುದು 25ರಿಂದ 32 ಡಿಗ್ರಿ ನೀರಿನಲ್ಲಿ. ಡಿಸೆಂಬರಿನ ಬೆಳಗಿನ ಜಾವದ ಮಂಜಿನಲ್ಲಿ, ಗಾಳಿಯ ಉಷ್ಣತೆ 15 ಡಿಗ್ರಿಯ ಆಚೀಚೆ ಇರುವಾಗ, ಕೆರೆಯಂಚಿನ ನೀರಿನಲ್ಲಿ ಅವು ಮಂಕಾಗಿರುವುದು ಸಹಜ. ಆದರೆ ಹಗಲು ಮೂವತ್ತರ ಹತ್ತಿರ ಹೋಗುವ ಊರಿದು. ಹೆಪ್ಪುಗಟ್ಟುವ ನೀರಿನ ಸಮೀಪಕ್ಕೂ ನಮ್ಮ ಕೆರೆಗಳು ಎಂದೂ ಹೋಗುವುದಿಲ್ಲ. ನಾಲ್ಕು ಡಿಗ್ರಿಯಲ್ಲಿ ಮೀನು ಹಿಡಿಯುವವರು ಕಂಡುಕೊಂಡ ದಾರಿ ಇಲ್ಲಿಗೆ ಧಾರಾಳವಾಗಿ ಸಾಕು. ಅವರು ಸಣ್ಣ ಗಾಳ, ಸಣ್ಣ ಎರೆ ಬಳಸುತ್ತಾರೆ. ಎರೆಯನ್ನು ಮೀನಿನ ಮುಂದಕ್ಕೇ ಒಯ್ಯುತ್ತಾರೆ, ಏಕೆಂದರೆ ತಣ್ಣೀರಿನ ಮೀನು ದೂರ ಈಜಿ ಬರುವುದಿಲ್ಲ. ನಮ್ಮಲ್ಲಿ ಇದರ ಜೊತೆಗೆ ಹೊತ್ತನ್ನೂ ಬದಲಿಸಿಕೊಳ್ಳಬೇಕು. ನಸುಕಿನಲ್ಲೇ ಹೋಗಬೇಕೆಂಬ ಹಠ ಬೇಸಿಗೆಗೆ ಸರಿ. ಡಿಸೆಂಬರ್, ಜನವರಿಯಲ್ಲಿ ಹತ್ತು ಗಂಟೆಯ ಬಿಸಿಲು ನೀರಿಗೆ ತಾಗಿದ ಮೇಲೆ ಹೋಗಿ ನಾಲ್ಕಕ್ಕೆ ಎದ್ದರೂ ನಷ್ಟವಿಲ್ಲ. ರಜೆಯ ದಿನ ತಡವಾಗಿ ಏಳುವವರಿಗೆ ಇಷ್ಟು ಅನುಕೂಲದ ಹವ್ಯಾಸ ಬೇರೆ ಇಲ್ಲ.

ಹಾಗಾದರೆ ಬೇಸಿಗೆ ಏಕೆ ಬೇಡ, ಆಗ ನೀರು ಬೆಚ್ಚಗೂ ಇರುತ್ತದೆ, ತಿಳಿಯೂ ಇರುತ್ತದೆ ಎಂದು ಕೇಳಬಹುದು. ಉತ್ತರ ನೀರಿನಲ್ಲಿ ಕರಗಿದ ಆಮ್ಲಜನಕದಲ್ಲಿದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮೀನಿನ ಅಗತ್ಯ ಮಾತ್ರ ಬಿಸಿಯೊಡನೆ ಏರುತ್ತದೆ. ಏಪ್ರಿಲ್‌ನಲ್ಲಿ ಹೊಳೆ ಬತ್ತಿ ಮಡುಗಳಾಗಿ ಒಡೆದು, ಒಂದೊಂದು ಮಡುವಿನಲ್ಲೂ ಮೀನು ಕಿಕ್ಕಿರಿದಿರುವಾಗ ಗಾಳಕ್ಕೆ ಬಿದ್ದು ಒದ್ದಾಡಿ ದಣಿದ ಮೀನನ್ನು ಮರಳಿ ಬಿಟ್ಟರೂ ಅದು ಚೇತರಿಸಿಕೊಳ್ಳುವ ಖಾತ್ರಿಯಿಲ್ಲ. ಇದಕ್ಕೆ ಊರುಗಳ ಕೊಳೆ ಬೇರೆ ಸೇರುತ್ತದೆ. ಭದ್ರಾವತಿ ಬೆಳೆದದ್ದೇ ನದಿಯನ್ನು ನಂಬಿ: ಮೈಸೂರು ಸರ್ಕಾರ 1918ರಲ್ಲಿ ಕೈಗೆತ್ತಿಕೊಂಡು, 1923ರಲ್ಲಿ ಉತ್ಪಾದನೆ ಶುರುವಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಬ್ಬಿಣದ ಕಾರ್ಖಾನೆ, 1936ರ ಮೈಸೂರು ಕಾಗದ ಕಾರ್ಖಾನೆ, ಎರಡಕ್ಕೂ ನೀರು ಕೊಟ್ಟದ್ದು ಭದ್ರೆ, ಬಳಸಿದ ನೀರನ್ನು ವಾಪಸು ಪಡೆದದ್ದೂ ಭದ್ರೆಯೇ. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ಪಟ್ಟಣದ ಚರಂಡಿ ನಿಂತಿಲ್ಲ, ಶಿವಮೊಗ್ಗದ ರಾಜಕಾಲುವೆಗಳೂ ನಿಂತಿಲ್ಲ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆಗೆ ಕಾರಣವಾದದ್ದು ಈ ಕೊಳೆಯೇ. ಹರಿವು ತಗ್ಗಿದಷ್ಟೂ ಕೊಳೆಯ ಪಾಲು ಹೆಚ್ಚು. ಹಾಗಾಗಿ ತಿನ್ನಲು ಹಿಡಿಯುವವರು ಋತು ಯಾವುದಾದರೂ ಊರಿನ ಮೇಲ್ಭಾಗದ ನೀರನ್ನೇ ಆರಿಸಿಕೊಳ್ಳಬೇಕು, ಬೇಸಿಗೆಯಲ್ಲಂತೂ ಕೆಳಭಾಗದ ಮೀನನ್ನು ಮುಟ್ಟದಿರುವುದೇ ಲೇಸು.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನದಿಗೆ ಅಡ್ಡ ಕಟ್ಟಿದ ಗೋಡೆ, ಮರಳು ಬಗೆಯುವ ಯಂತ್ರ, ನೀರಿಗೆ ಎಸೆಯುವ ತೋಟೆ, ಸಾವಿರಾರು ಮನೆಗಳ ಕೊಳೆ, ಇವುಗಳ ಮುಂದೆ ಒಂದು ಗಾಳ ಮಾಡುವ ಹಾನಿ ಎಷ್ಟು? ಗಾಳ ಹಿಡಿದವರಿಗೆ ಋತುಧರ್ಮ ಬೋಧಿಸುವುದು ದೊಡ್ಡ ಕಳ್ಳರನ್ನು ಬಿಟ್ಟು ಚಿಲ್ಲರೆಯವರನ್ನು ಹಿಡಿದ ಹಾಗಾಗಲಿಲ್ಲವೇ? ಹಾನಿಯ ಪ್ರಮಾಣದ ಮಾತಾದರೆ ಆಕ್ಷೇಪ ಪೂರ್ತಿ ಸರಿ. ಮೀನು ಹಿಡಿಯುವ ವಿಧಾನಗಳಲ್ಲಿ ಗಾಳದಷ್ಟು ಬಡಪಾಯಿ ಇನ್ನೊಂದಿಲ್ಲ. ತೋಟೆ ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು 1897ರ ಕಾಯ್ದೆಯೇ ನಿಷೇಧಿಸಿದ್ದರೂ ಅದು ಇನ್ನೂ ನಿಂತಿಲ್ಲ. ಆದರೆ ಋತು ನೋಡಿ ಗಾಳ ಹಾಕಬೇಕೆನ್ನುವುದಕ್ಕೆ ಮೀನಿನ ಸಂಖ್ಯೆಯೊಂದೇ ಆಧಾರವಲ್ಲ. ಈ ಊರಿನವರ ಪೈಕಿ ನದಿಯನ್ನು ತಿಂಗಳುಗಟ್ಟಲೆ ಗಮನಿಸಿ ನೋಡುವವರು ತೀರ ಕಡಿಮೆ. ನೀರಿನ ಬಣ್ಣ ಬದಲಾದದ್ದು, ಕಳೆದ ವರ್ಷವಿದ್ದ ಗೆಂಡೆ ಈ ವರ್ಷ ಇಲ್ಲದ್ದು, ರಾತ್ರಿ ತೋಟೆ ಸಿಡಿದದ್ದು ಮೊದಲು ಗೊತ್ತಾಗುವುದು ದಡದಲ್ಲಿ ಕೂರುವವರಿಗೆ. ತಾವೇ ಮೊಟ್ಟೆಯ ಮೀನು ಎಳೆಯುವವರ ದೂರಿಗೆ ತೂಕ ಬರುವುದಿಲ್ಲ. ಹೊಟ್ಟೆಪಾಡಿಗೆ ಬಲೆ ಹಾಕುವ ಬೆಸ್ತರಿಗೆ, ಗಂಗಾಮತಸ್ಥರಿಗೆ ಚಳಿಗಾಲದವರೆಗೆ ಕಾಯಲಾಗುತ್ತದೆಯೇ ಎಂಬ ಪ್ರಶ್ನೆಯೂ ಇದೆ. ಈ ಲೇಖನ ಅವರ ಕುರಿತದ್ದಲ್ಲ. ಹರಿಗೋಲಿನಲ್ಲಿ ಹುಟ್ಟಿ ಬೆಳೆದವರಿಗೆ ನದಿಯ ಪಾಠ ಹೇಳುವ ಅಗತ್ಯವಿಲ್ಲ. ಭಾನುವಾರದ ಗಾಳದವರಿಗೆ ಕಾಯುವ ಸವಲತ್ತು ಇದೆ, ಅವರಿಗಿಲ್ಲ.

ಶುರು ಮಾಡುವ ಬಗೆ ಹೇಗೆ? ಮೊದಲ ವರ್ಷ ನದಿ ಬೇಡ, ಕೆರೆ ಸಾಕು. ದುಬಾರಿ ರೀಲು ಬೇಡ. ಎಂಟು ಹತ್ತಡಿಯ ಬಿದಿರು ಗಳ, ಅಷ್ಟೇ ಉದ್ದದ ತಂಗೂಸಿ ದಾರ, ನವಿಲುಗರಿಯ ಕಡ್ಡಿಯದೋ ಥರ್ಮಾಕೋಲಿನದೋ ಸಣ್ಣ ಬೆಂಡು, ಅದನ್ನು ನೆಟ್ಟಗೆ ನಿಲ್ಲಿಸುವಷ್ಟೇ ಭಾರದ ಸೀಸ, ಬೆರಳುಗುರಿಗಿಂತ ದೊಡ್ಡದಲ್ಲದ ಗಾಳ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿದರೆ ಮೀನನ್ನು ಬಿಡಿಸುವುದು ಸುಲಭ, ತನ್ನದೇ ಬೆರಳಿಗೆ ಚುಚ್ಚಿದಾಗ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎರೆ ಹಾಕುವ ಮುಂಚೆ ಆಳ ಅಳೆಯಬೇಕು. ಐಸ್ ಮೇಲೆ ಕೂರುವವರು ಮೊದಲು ಮಾಡುವುದೂ ಇದನ್ನೇ. ಗಾಳಕ್ಕೆ ಭಾರವಾದ ಸೀಸ ಕಟ್ಟಿ ಇಳಿಸಿ, ಬೆಂಡನ್ನು ಸರಿಸುತ್ತ ಹೋದರೆ ತಳ ಎಷ್ಟು ಆಳದಲ್ಲಿದೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಗೆಂಡೆ ಜಾತಿಯವು ತಳಕ್ಕೆ ಅಂಟಿಕೊಂಡಿರುವುದರಿಂದ ಎರೆ ತಳದಿಂದ ಎರಡು ಮೂರು ಬೆರಳು ಮೇಲೆ ನಿಂತರೆ ಸಾಕು. ಎರೆಹುಳು ಎಲ್ಲಕ್ಕೂ ಆಗುತ್ತದೆ. ಇಲ್ಲದಿದ್ದರೆ ಅಕ್ಕಿ ತೌಡು, ಕಡಲೆ ಹಿಂಡಿ ಕಲಸಿದ ಹಿಟ್ಟು. ಏರಿಯ ಮೇಲೆ ಎಲ್ಲಾದರೂ ಕೂರಬಹುದು, ತೂಬಿನ ಬಳಿ ಬೇಡ. ತೂಬು ತೆಗೆದಾಗಿನ ಸೆಳೆತ ಮೇಲೆ ಕಾಣುವುದಿಲ್ಲ. ತುಂಗಾ, ಭದ್ರಾ ನಾಲೆಗಳಲ್ಲಂತೂ ನೀರು ಬಿಟ್ಟಿರುವಷ್ಟು ದಿನ ಗಾಳದ ಯೋಚನೆಯನ್ನೇ ಮಾಡಬಾರದು. ಸಿಮೆಂಟಿನ ನುಣುಪು ಇಳಿಜಾರಿನಲ್ಲಿ ಜಾರಿದವರಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ.

ಯಾವ ಮೀನಿನಿಂದ ಶುರು ಮಾಡಬೇಕು ಎಂದರೆ ಜಿಲೇಬಿಯಿಂದ ಎನ್ನಬೇಕು. ಗಾಳದ ಪಂಡಿತರು ಇದಕ್ಕೆ ಮೂಗು ಮುರಿಯುತ್ತಾರೆ. ಆಫ್ರಿಕಾ ಮೂಲದ ಈ ತಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಮರಿಗಳನ್ನು ಬಾಯಲ್ಲಿಟ್ಟು ಕಾಯುವ, ವರ್ಷದಲ್ಲಿ ಹಲವು ಸಲ ಮರಿ ಮಾಡುವ ಈ ಮೀನು ಕೆರೆಗಳಲ್ಲಿ ಊರ ಮೀನುಗಳ ಜಾಗ ಆಕ್ರಮಿಸಿದೆ. ಮಧ್ಯಾಹ್ನದ ಬಿಸಿಲಿಗೆ ದಡದ ಹತ್ತಿರವೇ ಬರುತ್ತದೆ, ಸಣ್ಣ ಗಾಳಕ್ಕೂ ಕಚ್ಚುತ್ತದೆ, ಎಷ್ಟು ಹಿಡಿದರೂ ಕೆರೆಗೆ ನಷ್ಟವಿಲ್ಲ. ಇನ್ನೊಂದು ತುದಿಯಲ್ಲಿದೆ ಮಹಶೀರ್. ಅದರ ಆಸೆಯನ್ನು ಹೊಸಬರು ಬಿಟ್ಟುಬಿಡಬೇಕು. ತುಂಗೆಯಲ್ಲಿ ಅದು ಉಳಿದಿರುವುದು ಶೃಂಗೇರಿಯ ಘಟ್ಟ, ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆಯಂಥ ಮತ್ಸ್ಯಧಾಮಗಳ ಆಸರೆಯಿಂದ. ಅಲ್ಲಿ ದೇವರ ಮೀನೆಂಬ ನಂಬಿಕೆ ಕಾನೂನಿಗಿಂತ ಮೊದಲೇ ಕಾವಲಿಗೆ ನಿಂತಿತು. ಮೀನು ಮತ್ಸ್ಯಧಾಮದ ಗಡಿಯನ್ನು ಅರಿತು ಒಳಗೇ ಇರುವುದಿಲ್ಲವಾದ್ದರಿಂದ, ಹೊರಗೆ ಸಿಕ್ಕಿದರೂ ನೀರಿನಲ್ಲೇ ಬಿಡಿಸಿ ಬಿಡುವುದು ಸರಿ.

ಕೆರೆಯ ಮೀನು ಯಾರದ್ದೂ ಅಲ್ಲ ಎಂಬ ತಿಳಿವಳಿಕೆಯೂ ತಪ್ಪು. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಗಳಿಗೆ ಬೇಕಾದಷ್ಟು ಮರಿ ಒದಗಿಸುವುದು ಸಾಧ್ಯವಾದದ್ದು. ಈ ಭಾಗದ ಕೆರೆಗಳಿಗೆ ಮರಿ ಬೆಳೆಸಿಕೊಡುವ ಕೇಂದ್ರ ಬಿಆರ್‌ಪಿಯಲ್ಲೇ ಇದೆ. ಯಾರೋ ದುಡ್ಡು ಕೊಟ್ಟು ಬಿಟ್ಟ ಮರಿ ಅದು. ಕೆರೆಯನ್ನು ಗುತ್ತಿಗೆ ಹಿಡಿದ ಸಹಕಾರ ಸಂಘವನ್ನೋ ಗುತ್ತಿಗೆದಾರರನ್ನೋ ಕೇಳದೆ ಗಾಳ ಹಾಕಿದರೆ ಅದಕ್ಕೆ ಕಳವು ಎಂದೇ ಹೆಸರು. ಜಲಾಶಯ, ನದಿಗಳಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿಯ ಪ್ರಶ್ನೆ ಬರುತ್ತದೆ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಭದ್ರಾ ಹಿನ್ನೀರಿನ ದಡಗಳು ಬಹಳ ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹತ್ತಿಕೊಂಡಿವೆ. ಅಲ್ಲಿ ವಿಚಾರಿಸುವ ಅಗತ್ಯವೂ ಇಲ್ಲ, ಹೋಗಬಾರದು ಅಷ್ಟೆ.

ಚಳಿಗಾಲದ ಪರವಾಗಿ ಇಷ್ಟೆಲ್ಲ ಹೇಳಿದ ಮೇಲೆ ಅದರ ವಿರುದ್ಧ ಇರುವ ಒಂದು ಗಟ್ಟಿ ಕಾರಣವನ್ನು ಮುಚ್ಚಿಡಬಾರದು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಯ ಮರಿಗಳು ಚುರುಕಾಗುವುದು ನವೆಂಬರಿನಿಂದ, ಜನವರಿಯ ಹೊತ್ತಿಗೆ ಅವುಗಳ ಕಾಟ ಏರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳು ಈ ತಿಂಗಳುಗಳಲ್ಲೇ ಆದವು. ಗಾಳಕ್ಕೆ ಹೇಳಿದ ಕಾಲವೂ ಉಣ್ಣೆಯ ಕಾಲವೂ ಒಂದರ ಮೇಲೊಂದು ಕೂತಿವೆ. ಆದ್ದರಿಂದ ಮಂಡಗದ್ದೆಯ ಆಚೆ, ಕಾಡಂಚಿನ ಹೊಳೆ ಸಾಲಿನಲ್ಲಿ ಒಣಗಿದ ಎಲೆಯ ಮೇಲೆ ಕೂತು ಗಾಳ ಹಾಕುವ ಆಸೆಯನ್ನು ಹೊಸಬರು ಬಿಟ್ಟು, ಬಯಲ ಕೆರೆಗಳ ಬೋಳು ಏರಿಯನ್ನೇ ಹಿಡಿಯಬೇಕು. ಮಂಗ ಸತ್ತ ಸುದ್ದಿ ಬಂದ ಊರಿನ ಕಡೆ ಹೋಗಲೇಬಾರದು. ಹೋಗಲೇಬೇಕಾದವರು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಂಡು, ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಇನ್ನೊಂದು ಸಣ್ಣ ತೊಡಕೂ ಇದೆ: ಎಲ್ಲ ಮೀನೂ ಮುಂಗಾರಿಗೆ ಕಾಯುವುದಿಲ್ಲ. ಸಾಮಾನ್ಯ ಗೆಂಡೆ ಕೆರೆಯ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಅದರ ಒಂದು ಸುತ್ತು ಶುರುವಾಗುವುದು ಜನವರಿಯ ನಂತರ. ಫೆಬ್ರವರಿಯಲ್ಲಿ ಹೊಟ್ಟೆ ಉಬ್ಬಿದ ಗೆಂಡೆ ಸಿಕ್ಕರೆ ಬಿಡಬೇಕು. ಅಂಥವು ಸಾಲಾಗಿ ಸಿಗತೊಡಗಿದರೆ ಶಿವರಾತ್ರಿ ಇನ್ನೂ ಹದಿನೈದು ದಿನ ಇದ್ದರೂ ಆ ಕೆರೆಯ ಮಟ್ಟಿಗೆ ಆ ವರ್ಷದ ಗಾಳ ಮುಗಿಯಿತು.